ಬೆನ್ನು ತಿರುಗಿಸಿ ಕೂತ ಅಜ್ಜಿ

ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ. ಸತ್ತು ಎಂಟು ತಿಂಗಳಾಗಿದ್ದರೂ ಆ ಅಜ್ಜಿ ಹೊತ್ತಿಗೆ ಸರಿಯಾಗಿ ಅರ್ಧ ಮುದ್ದೆ ಉಣ್ಣುತ್ತಿದ್ದಳಂತೆ, ಸಾರಿಗೆ ಉಪ್ಪು ಸಾಲದೆಂದು ಮಗಳನ್ನು ಬಯ್ಯುತ್ತಿದ್ದಳಂತೆ, ಚಳಿ ಬಂದಾಗ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡಳಂತೆ, ದಸರೆಗೆ ಮಗ ಕಳಿಸಿದ ನೇರಳೆ ಬಣ್ಣದ ಸೀರೆ ಉಟ್ಟು ಫೋಟೋ ಕೂಡ ತೆಗೆಸಿಕೊಂಡಳಂತೆ. ಮುಖ ಮಾತ್ರ ತೋರಿಸಲಿಲ್ಲವಂತೆ. ಈ ಕಥೆ ಕಟ್ಟಿದವಳು ಅಜ್ಜಿಯ ಮೊಮ್ಮಗಳು ಅನುಷಾ. ನಂಬಿದವನು ಅಜ್ಜಿಯ ಒಬ್ಬನೇ ಮಗ ಓಂಕಾರೇಶ. ಇವತ್ತು ಇಬ್ಬರೂ ಮುಂಬಯಿಯ ಸಮುದ್ರದ ಅಂಚಿನಲ್ಲಿ, ಊರಿಗೆ ಊರೇ ಗಾಳಿ ಕುಡಿಯಲು ಬಂದು ಕೂರುವ ಉದ್ದನೆಯ ಕಟ್ಟೆಯ ಮೇಲೆ, ನೀರಿನ ಕಡೆ ಕಾಲು ಇಳಿಬಿಟ್ಟು ಪಕ್ಕಪಕ್ಕ ಕೂತಿದ್ದರು. ಹೊತ್ತು ಇನ್ನೂ ಮುಳುಗಿರಲಿಲ್ಲ.

“ಅಗೋ ಆ ನೀಲಿ ಗಾಜಿಂದು ನೋಡು ಅನೂ,” ಓಂಕಾರೇಶ ಕೊಲ್ಲಿಯ ಆಚೆ ಕೈ ಚಾಚಿದ. “ಪಕ್ಕದಲ್ಲಿ ಸೊರಗಿದಂಗೆ ನಿಂತೈತಲ್ಲ, ಅದಲ್ಲ. ಅದರಾಚೇದು. ನಲವತ್ತೆರಡು ಮಹಡಿ. ಮೇಲಿಂದ ಕೆಳಗಿನ ತನಕ ಅದರ ಗಾಜು ತೊಳೆದಿರೋನು ನಾನೇ. ಒಳಗೆ ಕೂತೋರು ನನ್ನ ಮುಖ ನೋಡ್ತಾರೆ, ನಾನು ಅವರ ಮುಖ ನೋಡ್ತೀನಿ, ಒಂದಿನಾನೂ ಮಾತಿಲ್ಲ. ನಮ್ಮೂರ ಬೀಗರ ಥರ.”

ಅನುಷಾ ನಕ್ಕಳು. ನಕ್ಕ ಮೇಲೆ, ಈ ಬಾಯಿ ಎಷ್ಟು ಸಲೀಸಾಗಿ ನಗುತ್ತದಲ್ಲ ಎಂದು ತುಟಿ ಬಿಗಿದುಕೊಂಡಳು. ಮಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದ. ಕಾಲರಿನ ಒಳಗೆ ಕತ್ತು ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣ. ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು, ಗಾಜಿಗೆ ಹಾಕುವ ಆ್ಯಸಿಡ್ ನೀರಿನದ್ದು ಎಂದು ಅವನೇ ಹೇಳಿದ್ದ. ಅವಳ ಕೂದಲು ಗಾಳಿಗೆ ಬಾಯಿಗೆಲ್ಲ ಬರುತ್ತಿತ್ತು. ಬೆಳಿಗ್ಗೆ ರೈಲ್ವೆ ಪರೀಕ್ಷೆಯ ಬಾಗಿಲಲ್ಲಿ ಕ್ಲಿಪ್ಪು, ಓಲೆ, ಎಲ್ಲ ಬಿಚ್ಚಿಸಿ, ಮಣಿಕಟ್ಟಿನ ಕೆಂಪು ದಾರವನ್ನು ಒಬ್ಬಳು ಹೆಂಗಸು ಕತ್ತರಿಯಿಂದ ಕಚಕ್ಕನೆ ಕತ್ತರಿಸಿ ಬುಟ್ಟಿಗೆ ಎಸೆದಿದ್ದಳು. ಮೋಸ ಮಾಡುವ ಯಂತ್ರ ಏನಾದರೂ ಇಟ್ಟುಕೊಂಡಿದ್ದೀಯಾ ಎಂದು ಹಿಂದಿಯಲ್ಲಿ ಕೇಳುತ್ತ ತೋಳು, ಸೊಂಟ ಎಲ್ಲ ಸವರಿದ್ದಳು. ಆಗ ಅನುಷಾಗೆ ಅನಿಸಿದ್ದು, ಸವರಬೇಕಾದ್ದು ಅಲ್ಲಲ್ಲ, ನಾಲಿಗೆಯನ್ನು ಎಂದು. ಅಜ್ಜಂಪುರದ ಹುಡುಗಿಗೆ ಮುಂಬಯಿಯಲ್ಲಿ ಸೆಂಟರ್ ಹಾಕಿದವರು ಯಾವ ಲೆಕ್ಕದಲ್ಲಿ ಹಾಕಿದರೋ, ಹಾಲ್ ಟಿಕೆಟ್ ಬಂದ ದಿನವೇ ಅವಳಿಗೆ ಗೊತ್ತಾಗಿತ್ತು: ಇದು ಪರೀಕ್ಷೆಗೆ ಕರೆದದ್ದಲ್ಲ. ಜೊತೆಗೆ ಪರೀಕ್ಷೆ ಬರೆಯಲು ಪಕ್ಕದ ಮನೆಯ ಸುಮೇರಾ ಬಂದಿದ್ದಳು, ಅವಳ ಚಿಕ್ಕಮ್ಮನ ಮನೆಯಲ್ಲೇ ಇಬ್ಬರೂ ಇಳಿದುಕೊಂಡಿದ್ದರು. ಅವಳು ಇಲ್ಲಿಗೆ ಕಳಿಸುವಾಗ ಗದರಿಸಿಯೇ ಕಳಿಸಿದ್ದಳು: “ಇವತ್ತು ಹೇಳ್ಲಿಲ್ಲ ಅಂದ್ರೆ ವಾಪಸ್ ಬರ್ಬೇಡ ಕಣೇ. ಆ ಫೋಟೋ ತೆಗೆದ ತಪ್ಪಿಗೆ ದೋಜಖ್‌ನಲ್ಲಿ ನಂಗೂ ಒಂದು ಸೀಟು ಹಿಡಿಸಿದೀಯ. ನಮ್ಮಮ್ಮನಿಗೆ ಗೊತ್ತಾದ್ರೆ ಇಲ್ಲೇ ತೋರಿಸ್ತಾಳೆ ಆ ನರಕಾನ.”

ಹೇಳಬೇಕಾದ ಮಾತು ಬಹಳ ದೊಡ್ಡದೇನಲ್ಲ. ಅಜ್ಜಿ ಸತ್ತುಹೋದಳು ಮಾವ. ಮೂರೇ ಪದ. ಬೀರೂರಲ್ಲಿ ರೈಲು ಹತ್ತಿದ ಮೇಲೆ ಬಾಯೊಳಗೇ ಎಷ್ಟೋ ಸಲ ಹೇಳಿ ನೋಡಿದ್ದಳು. ಪ್ರತಿ ಸಲವೂ ಅದರ ಹಿಂದಿನಿಂದ ಇನ್ನೊಂದು ವಾಕ್ಯ ಬಂದು ನಿಲ್ಲುತ್ತಿತ್ತು: ಎಂಟು ತಿಂಗಳ ಹಿಂದೆಯೇ ಸತ್ತುಹೋದಳು. ಅದರ ಹಿಂದೆ ಮತ್ತೊಂದು. ಅಜ್ಜಿಯ ಕಥೆಗಳಲ್ಲಿ ಒಂದು ಬಾಗಿಲು ತೆಗೆದರೆ ಏಳು ಬಾಗಿಲು ತೆರೆದುಕೊಳ್ಳುವುದಿತ್ತು. ಕೊನೆಯ ಕೋಣೆಯಲ್ಲಿ ರಾಜಕುಮಾರಿ ಇರುತ್ತಿದ್ದಳು. ಇಲ್ಲಿ ಕೊನೆಯ ಕೋಣೆಯಲ್ಲಿ ಅನುಷಾ ತಾನೇ ಅಜ್ಜಿಯ ಸೀರೆ ಉಟ್ಟುಕೊಂಡು ಕೂತಿದ್ದಳು.

ಎಮ್ಮೆದೊಡ್ಡಿಯ ಕಾವಲಿನಲ್ಲಿ ದನ ಕಾಯುವವರ ಮಧ್ಯೆ ಬೆಳೆದ ಅಜ್ಜಿ ಕರಿಬಸಮ್ಮ ಹಗಲು ಹೊತ್ತು ಕಥೆ ಹೇಳುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಇದು ಎಲ್ಲ ಅಜ್ಜಿಯರೂ ಹೇಳುವ ಮಾತು, ಕೆಲಸಕ್ಕೆ ಅಡ್ಡ ಬರುವ ಮಕ್ಕಳ ಬಾಯಿ ಮುಚ್ಚಿಸಲು. ಆದರೆ ಅನುಷಾಗೆ ಆರು ವರ್ಷ ತುಂಬಿದ ಬೇಸಿಗೆಯಲ್ಲಿ ಜ್ವರ ಬಂದು, ಕಥೆ ಹೇಳದಿದ್ದರೆ ಕಷಾಯ ಕುಡಿಯುವುದಿಲ್ಲವೆಂದು ಹಟ ಹಿಡಿದಾಗ ಅಜ್ಜಿ ಸೋತಿದ್ದಳು. ಕಿಟಕಿಗೆ ಕರಿ ಕಂಬಳಿ ಇಳಿಬಿಟ್ಟು, ದೀಪ ಹಚ್ಚಿ, “ತಗೋ, ಕತ್ತಲಾಯ್ತು” ಎಂದು ನಡುಮಧ್ಯಾಹ್ನ ಕಥೆ ಶುರುಮಾಡಿದ್ದಳು. ಹೊರಗೆ ಜಗಲಿಯಲ್ಲಿ ಅಪ್ಪ ಕಲ್ಲೇಶಪ್ಪನಿಗೂ ಮಾವನಿಗೂ ಜೋರು ಮಾತು ನಡೆದದ್ದು, “ತಂಗಳು ಹಾಕಿದ ನಾಯಿ ಥರ ಬಿದ್ದಿದೀಯ ನಮ್ಮನೇಲಿ” ಎಂದು ಅಪ್ಪ ಕೂಗಿದ್ದು, ಕೆನ್ನೆಗೆ ಬಿದ್ದ ಏಟಿನ ಸದ್ದು, ಎಲ್ಲವೂ ಕಥೆಯೊಳಗಿನ ರಾಕ್ಷಸನದೆಂದೇ ಅವಳು ತಿಳಿದಿದ್ದಳು. ಕಂಬಳಿ ತೆಗೆದಾಗ ಹೊರಗೆ ಬಿಸಿಲಿತ್ತು, ಮಾವ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ಅಜ್ಜಿ ಅದನ್ನು ನೆನೆದು, ನಗುತ್ತಲೋ ಅಳುತ್ತಲೋ ತಿಳಿಯದ ಹಾಗೆ, “ಕಂಬ್ಳೀಲಿ ತೂತಿತ್ತು ಕಣೇ, ಬೆಳಕು ಬಂದ್ಬಿಟ್ಟಿತ್ತು” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದ ಅನುಷಾಗೆ, ಡಿಗ್ರಿ ಮುಗಿಸಿದವಳಿಗೆ, ಅದು ಸುಳ್ಳೆಂದು ಗೊತ್ತು. ಗೊತ್ತಿದ್ದೂ, ಮಾವನ ಫೋನು ದಿನವೂ ಅವನ ಊಟದ ಬಿಡುವಿನಲ್ಲಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬರುತ್ತಿದ್ದಾಗ, ಅಜ್ಜಿ ಇವತ್ತು ಏನು ಉಂಡಳು ಎಂದು ಕಟ್ಟಿ ಹೇಳುವಾಗ, ಹಗಲು, ಹಗಲು ಎಂದು ಒಳಗೆ ಯಾರೋ ಎಣಿಸುತ್ತಿದ್ದರು.

“ಚಾ ಕುಡೀತೀಯಾ? ಇಲ್ಲಿ ಸೈಕಲ್ ಮೇಲೆ ತತ್ತಾರೆ. ಕಡ್ಲೆ ತಿಂತೀಯಾ?”

“ಬ್ಯಾಡ ಮಾವ.”

“ಏನು ತಿನ್ನಕಿಲ್ಲ ನೀನು. ನಮ್ಮವ್ವನ ಮೊಮ್ಮಗಳೇನೇ? ಅವಳು ಇವತ್ತಿಗೂ ಅರ್ಧ ಮುದ್ದೆ ಹೊಡೀತಾಳೆ ಅಂತೀಯಲ್ಲ.”

ಹಿಂದಿನ ದಾರಿಯಲ್ಲಿ ಬಂದ ಒಬ್ಬ ದಡೂತಿ ಗೃಹಸ್ಥನನ್ನು ತಡೆದು ಓಂಕಾರೇಶ ಫೋನು ಮುಂದೆ ಚಾಚಿದ. ಇಬ್ಬರದೊಂದು ಫೋಟೋ, ಹಿಂದೆ ಆ ಕಟ್ಟಡಗಳು ಬರಬೇಕು. ಆ ಮನುಷ್ಯ ಫೋನನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಏನೋ ಮಾರಲು ಬಂದವನೆಂದುಕೊಂಡು ಬೇಡ ಬೇಡವೆಂದು ಕೈಯಾಡಿಸುತ್ತ ಹೋಗಿಬಿಟ್ಟ. ಚಾಚಿದ ಕೈಯನ್ನು ಮಾವ ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಫೋನಿನ ಗಾಜನ್ನು ಶರಟಿನ ತುದಿಯಿಂದ ಒರೆಸತೊಡಗಿದ, ಅದಕ್ಕೇ ತೆಗೆದವನ ಹಾಗೆ. ಒರೆಸಿದ ಗಾಜಿನ ಮೇಲೆ ನೇರಳೆ ಸೀರೆಯ ಬೆನ್ನು ಬೆಳಗಿತು. ಕಿಟಕಿಯ ಬೆಳಕಿಗೆ ಮುಖ ಮಾಡಿ ಸೆರಗು ಹೊದ್ದು ಕೂತ ಅಜ್ಜಿ. ಅನುಷಾ ಸಮುದ್ರದ ಕಡೆ ತಿರುಗಿದಳು. ಕೆಳಗೆ ಸಿಮೆಂಟಿನ ದೊಡ್ಡ ದೊಡ್ಡ ಬಂಡೆಗಳ ಸಂದಿಯಲ್ಲಿ ನೀರು ನುಗ್ಗಿ ಬಂದು, ಸಿಕ್ಕಿಬಿದ್ದು, ಗೊಳಗೊಳ ಅನ್ನುತ್ತಿತ್ತು.

ಮೊದಲ ದಿನ ಅವಳು ಸುಳ್ಳು ಹೇಳಬೇಕೆಂದು ಫೋನು ಮಾಡಿರಲಿಲ್ಲ. ಭೀಮನ ಅಮಾವಾಸ್ಯೆ ಕಳೆದ ಮೂರನೆಯ ದಿನ, ಅಜ್ಜಿಯ ಉಸಿರು ನಿಂತು ಗಂಟೆಯಾಗಿತ್ತು, ಅಮ್ಮ ಗೋಡೆಗೆ ತಲೆ ಆನಿಸಿ, “ಓಂಕಾರಂಗೆ ಫೋನ್ ಮಾಡೇ, ವಿಮಾನ ಹತ್ತಿಯಾದ್ರೂ ಬರ್ಲಿ, ಸಂಜೆ ತನಕ ಕಾಯ್ತೀವಿ ಅನ್ನು” ಎಂದಿದ್ದಳು. ಅಜ್ಜಿ ಕೂಡ ಮಾತು ನಿಲ್ಲುವ ಮುಂಚೆ ಅನುಷಾಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು: “ನಾನು ಹೋದ್ರೆ ಅವ್ನಿಗೆ ನೀನೇ ಹೇಳ್ಬೇಕು. ನಿಮ್ಮಪ್ಪ ಹೇಳಿದ್ರೆ ನಂಬಕಿಲ್ಲ, ನಿಮ್ಮವ್ವ ಹೇಳಕೋದ್ರೆ ಅತ್ತು ಕೆಡಿಸ್ತಾಳೆ. ನಿಂಗೆ ಹೇಳಕೆ ಬತ್ತದೆ.” ಹಿತ್ತಲಿಗೆ ಹೋಗಿ ಫೋನು ಮಾಡಿದಾಗ ಆ ಕಡೆಯಿಂದ ಬರೀ ಗಾಳಿ. ಗಾಳಿಯೊಳಗಿಂದ ಮಾವ ಕೂಗಿದ್ದ: “ಹಗ್ಗದ ಮೇಲಿದೀನಿ ಕಣೇ! ಮೂವತ್ತನೇ ಮಹಡಿ! ಬಿರ್ನೆ ಹೇಳು, ಅವ್ವ ಹೆಂಗವ್ಳೆ?” ಅವಳ ಕಣ್ಣಿಗೆ ಹಗ್ಗ ಕಾಣಿಸಿತು. ಹಗ್ಗಕ್ಕೆ ಕಟ್ಟಿದ ಹಲಗೆ, ಹಲಗೆಯ ಮೇಲೆ ಮಾವ, ಒಂದು ಕೈಯಲ್ಲಿ ಫೋನು. ಅವಳ ಒಂದು ಮಾತಿನ ಅಂತರದಲ್ಲಿ ಕೆಳಗಿನ ರಸ್ತೆ. “ಚೆನ್ನಾಗವ್ಳೆ ಮಾವ” ಅಂದಳು. ಸಂಜೆ ಇಳಿದ ಮೇಲೆ ಹೇಳಿದರಾಯಿತು. ಒಳಗೆ ಬಂದಾಗ ಅಮ್ಮ ಮುಖ ಎತ್ತಿ ನೋಡಿದಳು, ಮನೆ ತುಂಬ ಜನ ಎತ್ತಿ ನೋಡಿದರು, ಆ ಅಷ್ಟೂ ಕಣ್ಣುಗಳ ಮುಂದೆ ಅನುಷಾಳ ಬಾಯಿ ತಾನಾಗಿ ಎರಡನೆಯ ವಾಕ್ಯ ಹೊಸೆಯಿತು: “ಬರಾಕಾಗಲ್ವಂತೆ.” ಸಂಜೆಗೆ ಮಣ್ಣಾಯಿತು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ದೊಡ್ಡಪ್ಪನ ಮಗ ಕಾಂತರಾಜ ಹಾಕಿದ. ಅವತ್ತಿನಿಂದ ಅಮ್ಮ ತಮ್ಮನ ಹೆಸರೆತ್ತಿಲ್ಲ. ಎತ್ತಿದವರಿಗೆ, “ತಾಯಿ ಹೆಣಕ್ಕೆ ಬರದೋನು ನನ್ನ ಹೊಸ್ತಿಲು ತುಳೀಬಾರ್ದು” ಎಂದು ಒಂದೇ ಮಾತು. ಹಗ್ಗದ ಭಯ ನಿಜ. ಆದರೆ ಮಾವ ಸಂಜೆ ಹಗ್ಗದಿಂದ ಇಳಿದಿದ್ದ, ಮಾರನೆಯ ಸಂಜೆಯೂ ಇಳಿದಿದ್ದ, ಎಂಟು ತಿಂಗಳು ದಿನವೂ ಇಳಿದಿದ್ದ. ಮೊದಲ ದಿನದ್ದು ಅವನ ಮೇಲಿನ ಮಮತೆಯಾದರೆ, ಎರಡನೆಯ ದಿನದಿಂದ ಬರೀ ತನ್ನ ಮುಖ ಉಳಿಸಿಕೊಳ್ಳುವುದು. ಅದನ್ನು ಅನುಷಾ ಯಾವ ಕಂಬಳಿಯಿಂದಲೂ ಮುಚ್ಚಲಾರಳು. ಇನ್ನೂ ಕೆಟ್ಟದ್ದೆಂದರೆ, ಅದರಲ್ಲಿ ಸುಖವಿತ್ತು. ಅಜ್ಜಿ ಇವತ್ತು ಹೀಗೆಂದಳು ಎಂದು ಹೇಳುವಾಗ ಅಜ್ಜಿ ನಿಜವಾಗಿ ಹಾಗೆ ಅನ್ನುತ್ತಿದ್ದಳು, ಅಡಿಗೆಮನೆಯ ಬಾಗಿಲಲ್ಲಿ, ಬೊಚ್ಚುಬಾಯಲ್ಲಿ. ಫೋನು ಇಟ್ಟ ಮೇಲೆ ಮನೆ ಮತ್ತೆ ಖಾಲಿ.

“ನಾಳೆ ಎಷ್ಟೊತ್ತಿಗೆ ಹೊರಡ್ತೀಯ ಸ್ಟೇಷನ್ನಿಗೆ?” ಮಾವ ಕೇಳಿದ. ಕೇಳಿದ ರೀತಿಯಲ್ಲೇ ಏನೋ ಬಚ್ಚಿಟ್ಟ ಹಿಗ್ಗಿತ್ತು. “ಯಾಕಂದ್ರೆ ನಾನೂ ಬತ್ತಿದೀನಿ. ಹೇಳಿರ್ಲಿಲ್ಲ ನಿಂಗೆ. ಟಿಕೆಟ್ ಮಾಡ್ಸಿದೀನಿ. ಯುಗಾದಿ ಹೊತ್ಗೆ ಅವ್ವನ ಮುಂದೆ ನಿಂತ್ಕೊಳೋದು. ನಿಮ್ಮಪ್ಪ ಏನಾರ ಅನ್ಲಿ, ಹದಿನಾರು ವರ್ಷಕ್ಕೆ ನನ್ನ ಕೆನ್ನೇನೂ ಗಟ್ಟಿಯಾಗೈತೆ. ಈ ಸಲ ಅವ್ವ ಮುಖ ತಿರುಗ್ಸಿದ್ರೆ ನಾನೂ ಆ ಕಡೀಗೇ ಸುತ್ತಿ ಹೋಗಿ ಕೂತ್ಕೋತೀನಿ. ಎಷ್ಟು ಸಲ ತಿರುಗ್ತಾಳೆ ನೋಡ್ತೀನಿ.”

ಅವನು ಹಾಗೆ ತಿಳಿದಿದ್ದಾನೆಂದು ಅವಳಿಗೆ ಈ ಗಳಿಗೆಯವರೆಗೆ ಹೊಳೆದಿರಲಿಲ್ಲ. ಮುಖ ಕಾಣಬಾರದೆಂದು ಬೆನ್ನು ತಿರುಗಿಸಿ ಕೂತಿದ್ದಳು, ಅಷ್ಟೇ. ಆ ಬೆನ್ನನ್ನು ಮಾವ ಆರು ತಿಂಗಳಿಂದ ತಾಯಿಯ ಕೋಪವೆಂದು ಓದುತ್ತ ಬಂದಿದ್ದ. ಹಗ್ಗದ ಮೇಲೆ, ಊಟದ ಡಬ್ಬಿಯ ಮುಂದೆ, ಮಲಗುವ ಮುಂಚೆ, ಅವನು ಕೈಯಲ್ಲಿ ಹಿಡಿದು ನೋಡುತ್ತಿದ್ದದ್ದು ಕ್ಷಮಿಸದ ಒಂದು ಬೆನ್ನನ್ನು.

ಸೂರ್ಯ ಯಾವಾಗಲೋ ನೀರಿಗೆ ಇಳಿದು ಹೋಗಿತ್ತು. ಕಟ್ಟೆಯುದ್ದಕ್ಕೂ ಕೂತ ಜನ ಒಮ್ಮೆಲೇ ಹೋ ಎಂದರು. ದಂಡೆಯ ತಿರುವಿನ ಗುಂಟ ದೀಪಗಳು ಒಟ್ಟಿಗೇ ಹತ್ತಿಕೊಂಡಿದ್ದವು. ಆಚೆಯ ಕಟ್ಟಡಗಳು ಮಹಡಿ ಮಹಡಿಯಾಗಿ ಬೆಳಗತೊಡಗಿದವು. ಎಲ್ಲರೂ ಫೋನು ಎತ್ತಿ ಹಿಡಿದರು. ಓಂಕಾರೇಶ ಕೂಡ ಎದ್ದು ನಿಂತ, ತಾನೇ ಅದನ್ನೆಲ್ಲ ಹಚ್ಚಿಸಿದವನ ಹಾಗೆ ಒಮ್ಮೆ ಎಡಕ್ಕೆ ಬಲಕ್ಕೆ ನೋಡಿದ.

“ಇದಕ್ಕೇ ನಿನ್ನ ಈ ಹೊತ್ನಲ್ಲಿ ಕರ್ಕೊಂಡ್ ಬಂದಿದ್ದು. ಅನೂ, ಈಗ ವೀಡಿಯೋ ಹಚ್ಚು. ಅವ್ವಂಗೆ ತೋರ್ಸಾನ. ಕಿವಿ ಕೇಳಕಿಲ್ಲ ಸರಿ, ಕಣ್ಣು ಕಾಣ್ತದಲ್ಲ. ಮಗ ತೊಳೆದ ಗಾಜು ನೋಡ್ಲಿ.”

“ಅಜ್ಜಿ ಮಲಗಿರ್ತಾಳೆ ಮಾವ.”

“ಏಳು ಗಂಟೇಗಾ?”

“ಮೊನ್ನೆ ಕಣ್ಣಿಗೆ... ಪೊರೆ ಬಂದಿತ್ತಲ್ಲ, ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ...” ನಾಲಿಗೆ ಆಗಲೇ ಬಸ್ಸು ಹತ್ತಿಸಿತ್ತು, ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿಯನ್ನು ಕೂರಿಸಿತ್ತು, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿತ್ತು. ಅಜ್ಜಿ ನರ್ಸಿಗೆ ಏನು ಬೈದಳೆಂಬುದೂ ಬಾಯಂಚಿಗೆ ಬಂದಿತ್ತು. ಅನುಷಾ ತನ್ನ ದನಿಯನ್ನು ತಾನೇ ಕೇಳಿದಳು. ಎಷ್ಟು ಚೆನ್ನಾಗಿ ಹೇಳುತ್ತಾಳೆ! ಮಾವನ ಮುಖದಲ್ಲಿ ಗಾಬರಿ ಮೂಡುತ್ತಿತ್ತು, “ಯಾವಾಗ? ನಂಗ್ಯಾಕ್ ಹೇಳ್ಲಿಲ್ಲ?” ಎನ್ನುತ್ತಿದ್ದ. ಸತ್ತವಳ ಕಣ್ಣಿಗಾಗಿ ಅವನು ನೊಂದುಕೊಳ್ಳುತ್ತಿದ್ದ. ಅದನ್ನು ನೋಡಲು ಅವಳಿಂದ ಆಗಲಿಲ್ಲ.

“ಮಾವ, ಕೂತ್ಕೋ. ಅಜ್ಜಿ ಇಲ್ಲ.”

“ಎಲ್ಲಿಗೋಗವ್ಳೆ?”

“ಅಜ್ಜಿ ತೀರ್ಕೊಂಡ್ಲು. ಭೀಮನ ಅಮಾಸೆ ಆಗಿ ಮೂರನೇ ದಿನ.”

ಅವನು ನಕ್ಕ. ಅವಳೇ ಲೆಕ್ಕ ತಪ್ಪಿದ್ದಾಳೆಂಬಂತೆ, “ಲೇ, ದಸರಕ್ಕೆ ಸೀರೆ ಉಟ್ಕೊಂಡವ್ಳೆ” ಅಂದ.

“ಅದು ನಾನು.”

ಓಂಕಾರೇಶ ಕೂತ. ಫೋನು ತೆಗೆದು, ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದ. ಸೆರಗಿನ ಅಂಚಿನಿಂದ ಹೊರಗೆ ಬಂದಿದ್ದ ಮೊಣಕೈಯನ್ನು ನೋಡಿದ. ಇನ್ನೂ ಹಿಗ್ಗಿಸಿದ. ಇಪ್ಪತ್ತೆರಡು ವರ್ಷದ ಮೊಣಕೈ. ಆಮೇಲೆ ಫೋನನ್ನು ಮಗುಚಿ ಕಟ್ಟೆಯ ಮೇಲಿಟ್ಟು, ಅವಳಿಂದ ಒಂದು ಮಾರು ಆಚೆ ಸರಿದ. ಹೊಡೆಯುತ್ತಾನೆಂದು ಅನುಷಾ ಕಾದಳು. ಹೊಡೆದಿದ್ದರೆ ಹಗುರವಾಗುತ್ತಿತ್ತು. ನಡುವೆ ಖಾಲಿಯಾದ ಜಾಗವನ್ನು ನೋಡಿ ಯಾರೋ ಗಂಡಹೆಂಡಿರು ಇಲ್ಲಿ ಕೂರಬಹುದಾ ಎಂದು ಸನ್ನೆಯಲ್ಲಿ ಕೇಳಿ, ಇಬ್ಬರ ಮುಖ ನೋಡಿ ಮುಂದೆ ಹೋದರು. ಅವಳು ಹೇಳುತ್ತಾ ಹೋದಳು. ಹಗ್ಗ, ಮೂವತ್ತನೆಯ ಮಹಡಿ, ಬರಾಕಾಗಲ್ವಂತೆ ಎಂದದ್ದು, ಅಮ್ಮನ ಹೊಸ್ತಿಲು. ಬಣ್ಣ ಹಚ್ಚದೆ, ಒಂದಾದ ಮೇಲೆ ಒಂದು. ಇಷ್ಟು ಕೆಟ್ಟದಾಗಿ ಅವಳು ಹಿಂದೆಂದೂ ಏನನ್ನೂ ಹೇಳಿರಲಿಲ್ಲ.

“ಮಣ್ಣು ಯಾರು ಹಾಕಿದ್ರು?”

“ಕಾಂತರಾಜಣ್ಣ.”

ಅವನು ತಲೆಯಾಡಿಸಿದ, ಗುತ್ತಿಗೆದಾರ ಕೆಲಸ ಹಂಚಿದ್ದನ್ನು ಕೇಳಿಸಿಕೊಳ್ಳುವವನ ಹಾಗೆ. ನೀರಿನ ಕಡೆಗೇ ಮುಖ ಮಾಡಿ, “ಕೊನೇಗೆ ನನ್ ಬಗ್ಗೆ ಏನಂದ್ಲು?” ಎಂದ.

ಬಾಯಲ್ಲಿ ಮೂರು ಉತ್ತರ ತಯಾರಿದ್ದವು. ಮೂರೂ ಸುಂದರವಾಗಿದ್ದವು. ನನ್ನ ಮಗ ಆಕಾಶಕ್ಕೇ ಕನ್ನಡಿ ಹಿಡಿಯೋನು ಎಂದು ಅಜ್ಜಿ ಹೇಳಿರಬಹುದಿತ್ತು. ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಯಾರಿಗೆ ತಾನೇ ನಷ್ಟ, ಇದೊಂದು ಕೊನೆಯದು. ಅನುಷಾ ಹಲ್ಲು ಕಚ್ಚಿ ಮೂರನ್ನೂ ನುಂಗಿದಳು.

“ನಿಂಗೆ ನಾನೇ ಹೇಳ್ಬೇಕು ಅಂದ್ಲು. ಅಷ್ಟೇ. ಆಮೇಲೆ ಗಂಜಿ ಬ್ಯಾಡ ಅಂದ್ಲು. ಆಮೇಲೆ ಎರಡು ದಿನ ಮಾತಿರ್ಲಿಲ್ಲ.” ತಡೆದು ಹೇಳಿದಳು, “ಆದ್ರೆ ನಿನ್ ಮೇಲೆ ಅವಳಿಗೆ ಕೋಪ ಇರ್ಲಿಲ್ಲ ಮಾವ. ಫೋನಲ್ಲಿ ಏನೂ ಕೇಳ್ತಿರ್ಲಿಲ್ಲ ಅವಳಿಗೆ, ಅದಕ್ಕೇ ಮಾತಾಡ್ತಿರ್ಲಿಲ್ಲ. ನೀನು ಉಂಡ್ಯಾ ಅಂತ ದಿನಾ ಕೇಳೋಳು.”

“ಇದ್ನ ಹೆಂಗೆ ನಂಬ್ಲಿ ನಾನು?”

ನಿಜವೂ ಅವಳ ಬಾಯಿಂದ ಕಥೆಯ ಹಾಗೇ ಕೇಳಿಸುತ್ತಿತ್ತು. ಅನುಷಾ ಫೋನು ತೆಗೆದು ಅಮ್ಮನ ನಂಬರು ಒತ್ತಿದಳು, ಸ್ಪೀಕರಿಗೆ ಹಾಕಿ, ನಡುವಿನ ಖಾಲಿ ಜಾಗದಲ್ಲಿಟ್ಟಳು.

“ಏನೇ, ಹೆಂಗ್ ಬರೆದೆ? ಸುಮೇರಾ ಎಲ್ಲವ್ಳೆ? ಅದೇನು ಗಾಳಿ ಸದ್ದು, ಎಲ್ಲಿ ತಿರುಗ್ತಿದೀರಿ ಇಷ್ಟೊತ್ನಲ್ಲಿ?”

“ಅಮ್ಮಾ, ಓಂಕಾರಮಾವ ಬರಕಾಗಲ್ಲ ಅಂದಿರ್ಲಿಲ್ಲ. ಅಜ್ಜಿ ಹೋಗಿದ್ದು ಅವನಿಗೆ ಗೊತ್ತೇ ಇರ್ಲಿಲ್ಲ. ನಾನು ಹೇಳೇ ಇರ್ಲಿಲ್ಲ. ನಿಮ್ಗೆ ಸುಳ್ಳು ಹೇಳ್ದೆ. ಈಗ ಹೇಳ್ದೆ ಅವನಿಗೆ. ಇಲ್ಲೇ ಪಕ್ಕದಲ್ಲವ್ನೆ.”

ಅಜ್ಜಂಪುರದ ಅಡಿಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಯಾರೂ ಅದನ್ನು ಇಳಿಸಲಿಲ್ಲ.

“ಎಷ್ಟೊತ್ತಾಯ್ತು ಹೇಳಿ?” ಅಮ್ಮನ ದನಿ ಗುರುತು ಸಿಗದಷ್ಟು ಸಣ್ಣದಾಗಿತ್ತು.

“ಈಗ್ಲೇ.”

“ತಲೆಗೆ ನೀರು ಹಾಕ್ದಾ?”

“ಇಲ್ಲ.”

“ತಾಯಿ ಸತ್ತ ಸುದ್ದಿ ಕೇಳ್ದೋನ್ನ ಒಣ ತಲೇಲಿ ಕೂರಿಸ್ಕೊಂಡು ಫೋನ್ ಹಚ್ಚಿದೀಯೇನೇ, ಮುಂಡೇದೇ! ನಿನ್ ಆಮೇಲೆ ನೋಡ್ಕೊತೀನಿ. ಮೊದ್ಲು ನೀರು ಹಾಕು ನನ್ ತಮ್ಮಂಗೆ. ಓಂಕಾರಾ...”

“ಅಕ್ಕಾ” ಎಂದ ಅವನು.

ಕಣ್ಣಳತೆಯುದ್ದಕ್ಕೂ ನೀರಿತ್ತು, ಬಂಡೆಗಳ ಕೆಳಗೆ, ಕೈಗೆ ಸಿಗದಷ್ಟು ಆಳದಲ್ಲಿ. ಮಂಜುಗಡ್ಡೆಯ ಬಕೆಟಿನಲ್ಲಿ ಬಾಟಲಿ ಇಟ್ಟುಕೊಂಡು ಮಾರುತ್ತ ಬಂದ ಮುದುಕಿಯನ್ನು ಅನುಷಾ ಓಡಿಹೋಗಿ ನಿಲ್ಲಿಸಿ ಎರಡು ಬಾಟಲಿ ತಂದಳು. ಮುಚ್ಚಳ ತಿರುವಲು ಅವಳ ಬೆರಳಿಗೆ ಆಗಲಿಲ್ಲ. ಓಂಕಾರೇಶ ಅದನ್ನು ತೆಗೆದುಕೊಂಡು, ತಿರುವಿ, ಮತ್ತೆ ಅವಳ ಕೈಗೆ ಕೊಟ್ಟ. ಕಟ್ಟೆಯಿಂದ ಇಳಿದು, ಜನ ಓಡಾಡುವ ದಾರಿಯ ಮಧ್ಯೆಯೇ ಕುಕ್ಕರುಗಾಲಿನಲ್ಲಿ ಕೂತು ತಲೆ ತಗ್ಗಿಸಿದ. ಓಡಲು ಬಂದವರು, ಫೋಟೋ ತೆಗೆಯುವವರು ಬಳಸಿಕೊಂಡು ಹೋದರು. ಕೆಲವರು ನಿಂತು ನೋಡಿದರು. ಒಬ್ಬಳು ಫೋನು ಕೂಡ ಎತ್ತಿದಳು. ತಣ್ಣನೆಯ ನೀರು ಅವನ ನೆತ್ತಿಗೆ ಬಿದ್ದು, ಇಳಿದು, ಇಸ್ತ್ರಿಯ ಶರಟನ್ನು ಮೈಗೆ ಅಂಟಿಸಿತು. ಅವನು ನಡುಗಿದ. ಹದಿನಾರು ವರ್ಷದಲ್ಲಿ ಮೊದಲ ಸಲ ಅನುಷಾ ಅವನ ನೆತ್ತಿಯನ್ನು ನೋಡುತ್ತಿದ್ದಳು. ನಡುವೆ ಕೂದಲು ತೆಳ್ಳಗಾಗಿತ್ತು. ಒಂದು ಬಾಟಲಿ ಮುಗಿಯಿತು, ಎರಡನೆಯದನ್ನೂ ಅವನೇ ತಿರುವಿ ಕೊಟ್ಟ.

“ಹಿಂದ್ಗಡೆ ಇನ್ನೂ ಒಣಗೈತೆ” ಅಂದ, ತಲೆ ಎತ್ತದೆ.

ಅನುಷಾ ಅವನ ಕತ್ತಿನ ಹಿಂದೆ ಬಾಟಲಿಯನ್ನು ಪೂರ್ತಿ ಬಗ್ಗಿಸಿದಳು.